ನೂರಕ್ಕೆ ನೂರು ಮತ್ತು ಹಾಜರಿ ಪುಸ್ತಕದಿಂದ ಮರೆಯಾದ ಹೆಸರು

ಮೇ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ರಸ್ತೆಗಳ ಇಕ್ಕೆಲಗಳಲ್ಲಿ ಶಾಲೆಗಳ ಫಲಕಗಳು ಏಳುತ್ತವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಶೇಕಡಾ ನೂರು ಫಲಿತಾಂಶ ಎಂಬ ದಪ್ಪ ಅಕ್ಷರಗಳು, ಅವುಗಳ ಕೆಳಗೆ ಅತಿ ಹೆಚ್ಚು ಅಂಕ ಗಳಿಸಿದ ಮಕ್ಕಳ ನಗುಮುಖಗಳು, ತುದಿಯಲ್ಲಿ ಆಡಳಿತ ಮಂಡಳಿಯ ಅಭಿನಂದನೆ. ಚರ್ಚಿನ ಆವರಣದ ಗೋಡೆಯ ಮೇಲೂ ಇಂತಹ ಫಲಕ ಕಾಣುವುದುಂಟು. ಮಕ್ಕಳ ಪರಿಶ್ರಮವನ್ನೂ ಅಧ್ಯಾಪಕರ ದುಡಿಮೆಯನ್ನೂ ಊರಿಗೆ ಸಾರಿ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಬೆಳಗಿನ ಬಲಿಪೂಜೆ ಮುಗಿಸಿ ಹೊರಬರುವ ತಾಯಂದಿರು ಅಲ್ಲಿ ಒಂದು ಕ್ಷಣ ನಿಂತು, ತಮ್ಮ ವಾಳೆಯ ಮಕ್ಕಳ ಮುಖ ಹುಡುಕಿ ಹಿಗ್ಗುವುದನ್ನು ಕಂಡು ನಾವೂ ಹಿಗ್ಗಿದ್ದೇವೆ.

ಆದರೆ ಅಂತಹ ಒಂದು ಫಲಕದ ಹಿಂದಿನ ಕಥೆ ನಮ್ಮ ಅಂತಃಸಾಕ್ಷಿಯನ್ನು ಇಂದಿಗೂ ಚುಚ್ಚುತ್ತಿದೆ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರ ಮಾತನ್ನು ಆಲಿಸುವ ನಾವು, ಇಂದು ಈ ಅಂಕಣದ ಮೂಲಕ ನಮ್ಮದೇ ಒಂದು ತಪ್ಪನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅನುಕಂಪ ಗಳಿಸುವ ಆಸೆಯಿಂದಲ್ಲ. ಶಾಲೆ, ಶಿಕ್ಷಕ ಮತ್ತು ಸಮುದಾಯ ಈ ಮೂವರ ಸಂಬಂಧ ಎಲ್ಲಿ ಸಡಿಲಗೊಳ್ಳುತ್ತದೆ ಎಂಬುದನ್ನು ಆ ಘಟನೆ ನಮಗೆ ಯಾವ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ತೋರಿಸಿಕೊಟ್ಟಿತೆಂಬ ಕಾರಣದಿಂದ.

ಮೂರು ಹೆಸರುಗಳ ಪಟ್ಟಿ

ಹಲವು ವರ್ಷಗಳ ಹಿಂದಿನ ಮಾತು. ಕಡಲಿಗೆ ಹತ್ತಿರದ ಒಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದ ನಾವು, ಅಲ್ಲಿನ ಪ್ರೌಢಶಾಲೆಯ ಸಂಚಾಲಕರೂ ಆಗಿದ್ದೆವು. ಶಾಲೆಗೆ ಸೇರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ತೆರೆದಿದ್ದ ಆಂಗ್ಲ ಮಾಧ್ಯಮ ಶಾಲೆಯ ಹಳದಿ ಬಸ್ಸುಗಳು ನಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತಿದ್ದವು. ಹಿಂದಿನ ವರ್ಷ ನಮ್ಮ ಶಾಲೆಯಲ್ಲಿ ಮೂವರು ಅನುತ್ತೀರ್ಣರಾಗಿದ್ದರು. ಪಾಲನಾ ಮಂಡಳಿಯ ಸಭೆಯಲ್ಲಿ ಅದರ ಪ್ರಸ್ತಾಪವೂ ಬಂದಿತ್ತು. ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆ ಮುಗಿದಾಗ, ಮುಂದಿನ ವರ್ಷ ಹತ್ತರಲ್ಲಿ ತೇರ್ಗಡೆಯಾಗುವ ಭರವಸೆಯಿಲ್ಲದವರ ಹೆಸರು ಕೊಡಿರೆಂದು ನಾವು ಕೇಳಿದೆವು. ಕಚೇರಿಯಿಂದ ಮೂರು ಹೆಸರುಗಳ ಪಟ್ಟಿ ಬಂತು. ಮೂವರನ್ನೂ ಒಂಬತ್ತರಲ್ಲಿಯೇ ತಡೆಹಿಡಿಯುವುದು, ಒಪ್ಪದಿದ್ದರೆ ಟಿ.ಸಿ. ಕೊಟ್ಟು ಕಳುಹಿಸುವುದು ಎಂದು ತೀರ್ಮಾನವಾಯಿತು.

ತರಗತಿಯ ಶಿಕ್ಷಕಿ ಬಡ್ತಿ ಪಟ್ಟಿಗೆ ಸಹಿ ಹಾಕಲಿಲ್ಲ. ಅವರು ಗಣಿತ ಕಲಿಸುತ್ತಿದ್ದರು. ಇಪ್ಪತ್ತು ವರ್ಷಗಳ ಅನುಭವವಿದ್ದವರು, ಹೆಚ್ಚು ಮಾತನಾಡುವ ಸ್ವಭಾವದವರಲ್ಲ. ಕರೆಸಿ ಕೇಳಿದಾಗ ಅವರು ತಮ್ಮ ಚೀಲದಿಂದ ರಟ್ಟು ಹರಿದ ಒಂದು ನೋಟ್‌ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರತಿಯೊಂದು ಮಗುವಿಗೂ ಅದರಲ್ಲಿ ಒಂದೊಂದು ಪುಟ. ಮೂವರ ಪೈಕಿ ಒಬ್ಬ ಹುಡುಗನ ಪುಟವನ್ನು ತೆರೆದು ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

“ಫಾದರ್, ಈ ಹುಡುಗನಿಗೆ ಗಣಿತ ಬರುವುದಿಲ್ಲ ಎಂದು ನಾನೂ ತಿಳಿದಿದ್ದೆ. ಆಮೇಲೆ ಅವನ ಮನೆಗೆ ಹೋಗಿ ಬಂದೆ. ಅಪ್ಪ ಬೋಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾರೆ. ತಾಯಿ ಬೀಡಿ ಕಟ್ಟುತ್ತಾರೆ. ಇವನು ಬೆಳಗಿನ ಜಾವ ಮೂರು ಗಂಟೆಗೆ ಧಕ್ಕೆಗೆ ಹೋಗಿ ಮೀನಿನ ಬುಟ್ಟಿ ಹೊರುತ್ತಾನೆ. ಗಣಿತ ನಮ್ಮಲ್ಲಿ ಮೊದಲನೆಯ ಪಿರಿಯಡ್. ಅವನಿಗೆ ಬರದಿರುವುದು ಗಣಿತವಲ್ಲ, ಅವನಿಗೆ ಇಲ್ಲದಿರುವುದು ನಿದ್ದೆ.”

“ಹಾಗಾದರೆ ಅವನು ಪಾಸಾಗುತ್ತಾನೆಂದು ನೀವು ಹೊಣೆ ಹೊರುತ್ತೀರಾ, ಟೀಚರ್?” ಎಂದು ನಾವು ಕೇಳಿದೆವು.

“ಪಾಸಾಗುತ್ತಾನೆಂದು ಹೇಗೆ ಹೇಳಲಿ ಫಾದರ್? ಗಣಿತವನ್ನು ಮೂರನೆಯ ಪಿರಿಯಡ್ಡಿಗೆ ಬದಲಾಯಿಸಿ ಕೊಡಿ, ಸಂಜೆ ನಾನು ಅರ್ಧ ಗಂಟೆ ಕೂರಿಸುತ್ತೇನೆ. ಆದರೆ ಅವನಿಗೆ ಕಲಿಯುವ ಶಕ್ತಿಯಿಲ್ಲ ಎಂದು ಬರೆದು ಸಹಿ ಹಾಕಲಾರೆ. ಅದು ನಿಜವಲ್ಲ.”

ಅವರ ಮಾತನ್ನು ನಾವು ಗೌರವದಿಂದಲೇ ಕೇಳಿದೆವು, ಆದರೆ ಒಪ್ಪಲಿಲ್ಲ. ಒಬ್ಬಿಬ್ಬರಿಗಾಗಿ ಸಂಸ್ಥೆಯ ಹೆಸರನ್ನು ಪಣಕ್ಕೊಡ್ಡಲಾಗದು, ಇನ್ನೊಂದು ವರ್ಷ ಕಲಿತರೆ ಹುಡುಗನಿಗೇ ಒಳಿತು ಎಂದು ಸಮಾಧಾನ ಹೇಳಿ ಕಳುಹಿಸಿದೆವು. ಪಟ್ಟಿ ಇದ್ದಂತೆಯೇ ಅಂಗೀಕೃತವಾಯಿತು. ಮೂವರಲ್ಲಿ ಒಬ್ಬಳು ಬೇರೆ ಶಾಲೆ ಸೇರಿದಳು. ಇನ್ನೊಬ್ಬ ಒಂಬತ್ತನ್ನು ಮತ್ತೊಮ್ಮೆ ಓದಿದ. ಧಕ್ಕೆಯ ಹುಡುಗ ಜೂನ್ ತಿಂಗಳಲ್ಲಿ ಬರಲಿಲ್ಲ, ಜುಲೈಯಲ್ಲೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಲವು ವಾರ ಗೈರುಹಾಜರಿಯ ಗುರುತು ಬಿತ್ತು. ಆಮೇಲೆ ಹೆಸರೇ ಮರೆಯಾಯಿತು. ಮರುವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂತು. ಫಲಕ ಎದ್ದಿತು. ಸನ್ಮಾನ ಸಮಾರಂಭದಲ್ಲಿ ನಾವೇ ಭಾಷಣ ಮಾಡಿದೆವು.

ಸೀಸದ ಅಳತೆಪಟ್ಟಿ

ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸಿದ ಗುರುಗಳು ಅರಿಸ್ಟಾಟಲನ ನೀತಿಶಾಸ್ತ್ರವನ್ನು ಬಹು ಸಾವಧಾನವಾಗಿ ಓದಿಸಿದ್ದರು. ಪರೀಕ್ಷೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆವು. ಅರಿಸ್ಟಾಟಲ್ ಅಲ್ಲಿ ಲೆಸ್ಬಾಸ್ ದ್ವೀಪದ ಗಾರೆ ಕೆಲಸದವರು ಬಳಸುತ್ತಿದ್ದ ಸೀಸದ ಅಳತೆಪಟ್ಟಿಯ ಉದಾಹರಣೆ ಕೊಡುತ್ತಾನೆ. ಕಬ್ಬಿಣದ ಪಟ್ಟಿ ಬಾಗುವುದಿಲ್ಲ. ಸೀಸದ ಪಟ್ಟಿ ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗಿ, ಕಲ್ಲು ಇರುವಂತೆಯೇ ಅದನ್ನು ಅಳೆಯುತ್ತದೆ. ನಿಯಮವು ಸಾಮಾನ್ಯ ಸಂದರ್ಭಗಳನ್ನು ಕುರಿತು ಹೇಳುತ್ತದೆ. ಬದುಕು ನಮ್ಮ ಮುಂದಿಡುವುದಾದರೋ ಪ್ರತ್ಯೇಕ ಮನುಷ್ಯರನ್ನು. ಇವೆರಡರ ನಡುವಿನ ಅಂತರವನ್ನು ತುಂಬುವ ಗುಣಕ್ಕೆ ಅವನು ವ್ಯವಹಾರ ವಿವೇಕವೆಂಬ ಅರ್ಥ ಬರುವ ಹೆಸರನ್ನಿಟ್ಟ. ಸಂತ ತೋಮಸ್ ಅಕ್ವಿನಾಸರು ಅದನ್ನೇ ಮೂಲಭೂತ ನೈತಿಕ ಸದ್ಗುಣಗಳಲ್ಲಿ ಮೊದಲನೆಯದಾಗಿ ಎಣಿಸಿದರು.

ಶಿಕ್ಷಕ ವೃತ್ತಿಯ ಹೃದಯವೇ ಈ ವಿವೇಕ ಎಂದರೆ ಅತಿಶಯೋಕ್ತಿಯಾಗಲಾರದು. ಪಠ್ಯಪುಸ್ತಕವನ್ನು ಇಲಾಖೆ ಕೊಡುತ್ತದೆ, ವೇಳಾಪಟ್ಟಿಯನ್ನು ಶಾಲೆ ಕೊಡುತ್ತದೆ, ಪ್ರಶ್ನೆಪತ್ರಿಕೆಯನ್ನು ಪರೀಕ್ಷಾ ಮಂಡಳಿ ಕೊಡುತ್ತದೆ. ಇಂದು ಬೆಳಿಗ್ಗೆ ಈ ಮಗು ಏಕೆ ಮೌನವಾಗಿ ಕುಳಿತಿದೆ, ಇದಕ್ಕೆ ಗದರಿಕೆ ಬೇಕೋ, ಬಿಸಿಯೂಟಕ್ಕೆ ಮೊದಲು ಒಂದು ಲೋಟ ನೀರು ಬೇಕೋ ಎಂಬುದನ್ನು ಮಾತ್ರ ಯಾರೂ ಬರೆದು ಕೊಡಲಾರರು. ಬೋಧಕನನ್ನು ಕುರಿತ ತಮ್ಮ ವಿಚಾರದಲ್ಲಿ ಸಂತ ತೋಮಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ರೋಗಿಯ ದೇಹದೊಳಗಿನ ಪ್ರಕೃತಿಯೇ ಗುಣಪಡಿಸುವ ಶಕ್ತಿ. ವೈದ್ಯನು ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಕಲಿಯುವ ಬೆಳಕು ಮಗುವಿನ ಬುದ್ಧಿಯಲ್ಲಿಯೇ ಇದೆ. ಗುರು ಅದಕ್ಕೆ ಹೊರಗಿನಿಂದ ನೆರವಾಗುತ್ತಾನೆ. ರೋಗಿಯ ನಾಡಿ ಹಿಡಿಯದೆ ಔಷಧಿ ಬರೆದುಕೊಡುವ ವೈದ್ಯನನ್ನು ನಾವು ನಂಬುತ್ತೇವೆಯೆ? ಹಾಗಾದರೆ ಮಗುವಿನ ಮನೆಯ ಹೊಸ್ತಿಲು ತುಳಿಯದೆ, ಕೇವಲ ಅಂಕಪಟ್ಟಿ ನೋಡಿ ತೀರ್ಪು ಕೊಟ್ಟ ನಮ್ಮನ್ನು ಏನೆಂದು ಕರೆಯಬೇಕು?

ತೋಮಸರ ಇನ್ನೊಂದು ಮಾತೂ ಇಲ್ಲಿ ನೆನಪಾಗುತ್ತದೆ. ವಿವೇಕದ ಕ್ರಿಯೆಯಲ್ಲಿ ಅವರು ಮೂರು ಹಂತಗಳನ್ನು ಗುರುತಿಸುತ್ತಾರೆ: ಸಮಾಲೋಚನೆ, ನಿರ್ಣಯ, ಆಚರಣೆಗೆ ಆಜ್ಞೆ. ನಾವು ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಬಂದಿದ್ದೆವು. ಶಿಕ್ಷಕಿಯನ್ನು ಕರೆಸಿದ್ದು ಅವರಿಂದ ತಿಳಿಯಲೆಂದಲ್ಲ, ಅವರನ್ನು ಒಪ್ಪಿಸಲೆಂದು. ಇತರರಿಂದ ಕಲಿಯುವ ವಿನಯವೂ ವಿವೇಕದ ಒಂದು ಅಂಗವೆಂದು ಬರೆದವರು ಇದೇ ತೋಮಸರು. ಪರೀಕ್ಷೆಯಲ್ಲಿ ಬರೆದದ್ದನ್ನು ಮೇಜಿನ ಮುಂದೆ ಮರೆತೆವು.

ವಿವೇಚನೆ ಸ್ವೇಚ್ಛೆಯಲ್ಲ

ಇಲ್ಲಿ ಓದುಗರಲ್ಲಿ ಕೆಲವರಿಗೆ ಒಂದು ಸಂದೇಹ ಏಳಬಹುದು. ಶಿಕ್ಷಕರ ವಿವೇಚನೆಗೆ ಎಲ್ಲವನ್ನೂ ಬಿಟ್ಟುಕೊಟ್ಟರೆ ಪಕ್ಷಪಾತಕ್ಕೆ ದಾರಿಯಾಗದೆ? ಶಿಕ್ಷಕರೂ ಮನುಷ್ಯರೇ ಅಲ್ಲವೆ? ಈ ಸಂದೇಹ ನ್ಯಾಯವಾದದ್ದು. ವಿವೇಚನೆಯ ಹೆಸರಿನಲ್ಲಿ ಬೆತ್ತ ಹಿಡಿದವರಿದ್ದಾರೆ. ಜಾತಿ ನೋಡಿ ಬೆಂಚು ಹಂಚಿದವರಿದ್ದಾರೆ. ಕೊಂಕಣಿ ಅಥವಾ ತುಳು ಮಾತನಾಡಿದ ಮಗುವನ್ನು ಪೆದ್ದನೆಂದು ಕರೆದವರಿದ್ದಾರೆ. ನಮ್ಮ ತಲೆಮಾರಿನವರಲ್ಲಿ ಇಂತಹ ಅನುಭವವಿಲ್ಲದವರು ವಿರಳ.

ಆದುದರಿಂದ ವಿವೇಚನೆಗೂ ಸ್ವೇಚ್ಛೆಗೂ ಗಡಿ ಹಾಕಬೇಕಾಗುತ್ತದೆ. ನಿಜವಾದ ವೃತ್ತಿ ವಿವೇಚನೆಗೆ ಮೂರು ಲಕ್ಷಣಗಳಿವೆ ಎಂದು ನಮಗೆ ತೋರುತ್ತದೆ. ಮೊದಲನೆಯದು, ಅದು ಮಗುವಿನ ಕುರಿತ ನಿಶ್ಚಿತ ತಿಳಿವಳಿಕೆಯ ಮೇಲೆ ನಿಂತಿರುತ್ತದೆ. ಎರಡನೆಯದು, ಅದರ ಕಾರಣವನ್ನು ಮಗುವಿನ ತಂದೆತಾಯಿಯ ಮುಂದೆ ಗಟ್ಟಿಯಾಗಿ ಹೇಳಲು ಸಾಧ್ಯವಿರುತ್ತದೆ. ಮೂರನೆಯದು, ಅದರ ಲಾಭ ಮಗುವಿಗೆ ಸಲ್ಲುತ್ತದೆ. ಶಿಕ್ಷಕನಿಗಾಗಲಿ ಸಂಸ್ಥೆಗಾಗಲಿ ಅಲ್ಲ. ಆ ಶಿಕ್ಷಕಿಯ ನಿಲುವು ಈ ಮೂರನ್ನೂ ಪೂರೈಸಿತ್ತು. ನಮ್ಮ ತೀರ್ಮಾನ ಒಂದನ್ನೂ ಪೂರೈಸಲಿಲ್ಲ. ಆ ತಾಯಿಯ ಮುಂದೆ ಕುಳಿತು, ‘ನಮ್ಮ ಶಾಲೆಯ ಫಲಕಕ್ಕಾಗಿ ನಿಮ್ಮ ಮಗನನ್ನು ತಡೆಹಿಡಿದಿದ್ದೇವೆ’ ಎಂದು ನಾವು ಹೇಳಬಲ್ಲವರಾಗಿದ್ದೆವೆ?

ಇದೇ ಕಾರಣಕ್ಕೆ ಕಾನೂನು ಬೇಕಾಗುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದರ 24ನೆಯ ಪ್ರಕರಣ ಶಿಕ್ಷಕರ ಕರ್ತವ್ಯಗಳನ್ನು ಎಣಿಸುವಾಗ, ಪ್ರತಿಯೊಂದು ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅರಿತು ಬೇಕಾದಲ್ಲಿ ಹೆಚ್ಚುವರಿ ಬೋಧನೆ ನೀಡಬೇಕೆಂದೂ, ಪೋಷಕರೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆ, ಪ್ರಗತಿಗಳನ್ನು ತಿಳಿಸಬೇಕೆಂದೂ ಹೇಳುತ್ತದೆ. ರಟ್ಟು ಹರಿದ ಆ ನೋಟ್‌ಪುಸ್ತಕದಲ್ಲಿ ಇದ್ದದ್ದು ಇದೇ ಅಲ್ಲವೆ?

ಆದರೆ ಈ ಕಾಯಿದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವಯಸ್ಸಿನ, ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ. ಮಗುವನ್ನು ತಡೆಹಿಡಿಯಬಾರದೆಂಬ ಅದರ 16ನೆಯ ಪ್ರಕರಣವನ್ನು 2019ರಲ್ಲಿ ತಿದ್ದಿ, ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ ತಡೆಹಿಡಿಯುವ ಅವಕಾಶವನ್ನು ಸರಕಾರಗಳಿಗೆ ಕೊಡಲಾಯಿತು. ಒಂಬತ್ತನೆಯ ತರಗತಿಯಾದರೋ ಮೊದಲಿನಿಂದಲೂ ಈ ರಕ್ಷಣೆಯ ಹೊರಗೇ ಉಳಿದಿದೆ. ಹತ್ತರ ಫಲಿತಾಂಶದ ಹೊಳಪಿಗಾಗಿ ಒಂಬತ್ತರ ಬಾಗಿಲನ್ನು ಬಿಗಿಗೊಳಿಸುವ ಅಭ್ಯಾಸಕ್ಕೆ ಎಡೆಯಾಗಿರುವುದು ಇಲ್ಲಿಯೇ.

ಅಲ್ಪಸಂಖ್ಯಾತರ ಸಂಸ್ಥೆಗಳಾದ ನಮ್ಮ ಶಾಲೆಗಳಿಗೆ ಇನ್ನೊಂದು ವಿಷಯವಿದೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯ ಹಿರಿಯ ಪೀಠದ ಮುಂದೆ ಹೋಗಬೇಕೆಂದಿತು. ಸಂವಿಧಾನದ 30ನೆಯ ವಿಧಿ ನಮಗಿತ್ತ ಹಕ್ಕು ಅಮೂಲ್ಯವಾದದ್ದು, ಅದನ್ನು ಕಾಪಾಡಿಕೊಳ್ಳಬೇಕು. ಆದರೆ ಸಂಸ್ಥೆಯನ್ನು ನಮ್ಮ ಮೌಲ್ಯಗಳಿಗೆ ಅನುಸಾರವಾಗಿ ನಡೆಸುವ ಹಕ್ಕು ಬೇಕೆನ್ನುವವರು, ಆ ಮೌಲ್ಯಗಳು ಯಾವುವೆಂದು ಮೊದಲು ತೋರಿಸಬೇಡವೆ? ಕಾನೂನು ನಮ್ಮನ್ನು ಬಿಟ್ಟ ಕಡೆಯಲ್ಲಿ ಅಂತಃಸಾಕ್ಷಿ ಹೆಚ್ಚು ಎಚ್ಚರವಾಗಿರಬೇಕು.

ಅಂಕಿಗಳು ಹೇಳುವುದು, ಹೇಳದಿರುವುದು

ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ, ಕೃಪಾಂಕ ನೀಡಿದ ಮೇಲೂ ಅದು 73.40ಕ್ಕೆ ಇಳಿಯಿತು. ಆ ವರ್ಷವೂ ಉಡುಪಿ ಜಿಲ್ಲೆ ಶೇಕಡಾ 94ರೊಂದಿಗೆ ಪ್ರಥಮ, ದಕ್ಷಿಣ ಕನ್ನಡ 92.12ರೊಂದಿಗೆ ದ್ವಿತೀಯ ಸ್ಥಾನದಲ್ಲಿದ್ದವು. 2025ರಲ್ಲಿ ಸ್ಥಾನಗಳು ಅದಲು ಬದಲಾಗಿ, ದಕ್ಷಿಣ ಕನ್ನಡ 91.12ರೊಂದಿಗೆ ಮೊದಲನೆಯದಾಯಿತು, ಉಡುಪಿ 89.96ರೊಂದಿಗೆ ಎರಡನೆಯದಾಯಿತು. ಕಣ್ಗಾವಲಿನ ನಡುವೆಯೂ ಉಳಿದುಕೊಂಡ ಈ ಅಂಕಿಗಳು ಕರಾವಳಿಯ ಶಿಕ್ಷಕರ ಶ್ರಮಕ್ಕೆ ಸಾಕ್ಷಿ. ಅದನ್ನು ಕೀಳುಗಳೆಯುವ ಉದ್ದೇಶ ನಮಗಿಲ್ಲ.

ಆದರೆ ಶೇಕಡಾವಾರು ಲೆಕ್ಕವೆಂಬುದು ಒಂದು ಭಿನ್ನರಾಶಿ. ಅದರಲ್ಲಿ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಮೇಲಿನದನ್ನು ಹೆಚ್ಚಿಸಿ ಫಲಿತಾಂಶ ಏರಿಸಬಹುದು. ಕೆಳಗಿನದನ್ನು ತಗ್ಗಿಸಿಯೂ ಏರಿಸಬಹುದು. ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ನಲವತ್ತು ಮಕ್ಕಳು ಸೇರಿ, ಹತ್ತರ ಪರೀಕ್ಷೆಗೆ ಮೂವತ್ತನಾಲ್ಕು ಮಂದಿ ಕುಳಿತು, ಎಲ್ಲರೂ ತೇರ್ಗಡೆಯಾದರೆಂದು ಭಾವಿಸೋಣ. ಫಲಿತಾಂಶ ನೂರಕ್ಕೆ ನೂರು. ಇನ್ನೊಂದು ಶಾಲೆಯಲ್ಲಿ ನಲವತ್ತು ಮಂದಿ ಸೇರಿ, ನಲವತ್ತು ಮಂದಿಯೂ ಪರೀಕ್ಷೆ ಬರೆದು, ಮೂವತ್ತಾರು ಮಂದಿ ತೇರ್ಗಡೆಯಾದರು. ಅಲ್ಲಿ ಫಲಿತಾಂಶ ತೊಂಬತ್ತು. ಫಲಕ ಕಟ್ಟುವುದು ಮೊದಲನೆಯ ಶಾಲೆ. ಹೆಚ್ಚು ಮಕ್ಕಳನ್ನು ದಡ ಸೇರಿಸಿದ್ದು ಎರಡನೆಯ ಶಾಲೆ. ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಅರಸಿ ಹೊರಟ ಕುರುಬನ ಸಾಮತಿಯನ್ನು ನಾವು ವರ್ಷವರ್ಷವೂ ಪೀಠದಿಂದ ಬೋಧಿಸುತ್ತೇವೆ. ಉಳಿದ ತೊಂಬತ್ತೊಂಬತ್ತನ್ನೇ ನೂರೆಂದು ಎಣಿಸಿ ಕೈತೊಳೆದುಕೊಳ್ಳುವ ಲೆಕ್ಕ ಆ ಕುರುಬನಿಗೆ ತಿಳಿದಿರಲಿಲ್ಲ.

ಮನೆಯ ಹೊಸ್ತಿಲು, ಶಾಲೆಯ ಹೊಸ್ತಿಲು

ಮಂಗಳೂರಿನಲ್ಲಿ 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲಿನ ಭಗಿನಿಯರು ನೆಲೆಯೂರಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. 1880ರಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಇದೇ ಊರಿನಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅದಕ್ಕಾಗಿ ತಮ್ಮವರ ಬಹಿಷ್ಕಾರವನ್ನೂ ಸಹಿಸಿದರು. ಯಾವ ಮಗುವಿಗೆ ಶಾಲೆಯ ಬಾಗಿಲು ತೆರೆಯಬೇಕು ಎಂಬ ಪ್ರಶ್ನೆಯನ್ನು ಈ ನೆಲ ಒಂದೂಕಾಲು ಶತಮಾನಕ್ಕೂ ಹಿಂದೆಯೇ ಎದುರಿಸಿತ್ತು ಎಂಬುದನ್ನು ನಾವು ಮರೆಯಬಾರದು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ, ಮಕ್ಕಳ ಪ್ರಥಮ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿತು. ಬಡವರಿಗೆ, ಕುಟುಂಬದ ಆಸರೆಯಿಲ್ಲದವರಿಗೆ, ಅನ್ಯಧರ್ಮೀಯರಿಗೆ ವಿಶೇಷ ಕಾಳಜಿ ತೋರಬೇಕೆಂದೂ ಅದು ನಮ್ಮ ಶಾಲೆಗಳಿಗೆ ನೆನಪಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 796ನೆಯ ವಿಧಿ ಇನ್ನೂ ಸ್ಪಷ್ಟ: ಪೋಷಕರು ಶಿಕ್ಷಕರೊಡನೆ ನಿಕಟವಾಗಿ ಸಹಕರಿಸಬೇಕು, ಶಿಕ್ಷಕರು ಪೋಷಕರ ಮಾತಿಗೆ ಮನಃಪೂರ್ವಕ ಕಿವಿಗೊಡಬೇಕು, ಪೋಷಕರ ಸಂಘಗಳನ್ನು ಸ್ಥಾಪಿಸಿ ಅವುಗಳಿಗೆ ಮನ್ನಣೆ ನೀಡಬೇಕು. ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಮೂಲಕ ಕರ್ನಾಟಕ ಸರಕಾರ ಪೋಷಕರನ್ನು ಶಾಲೆಯೊಳಕ್ಕೆ ಕರೆದದ್ದೂ ಇದೇ ದಿಕ್ಕಿನ ಹೆಜ್ಜೆ.

ವಾಸ್ತವದಲ್ಲಿ ನಮ್ಮ ಶಿಕ್ಷಕ-ರಕ್ಷಕ ಸಂಘದ ಸಭೆಗಳು ಹೇಗಿರುತ್ತವೆ? ಸ್ವಾಗತ, ವರದಿ, ಕಟ್ಟಡ ನಿಧಿಯ ಮನವಿ, ಅಂಕಪಟ್ಟಿಗೆ ಸಹಿ, ಚಹಾ. ಸುಶಿಕ್ಷಿತ ಪೋಷಕರು ಮುಂದಿನ ಸಾಲಿನಲ್ಲಿ ಕುಳಿತು ಪ್ರಶ್ನೆ ಕೇಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಶಿಕ್ಷಕರ ಒಂದು ಮಾತನ್ನು ಹಿಡಿದು ರಾತ್ರಿಯಿಡೀ ವಿಚಾರಣೆ ನಡೆಸುವವರೂ ಅವರೇ. ಬೀಡಿ ಕಟ್ಟುವ ತಾಯಿ ಬಾಗಿಲಲ್ಲೇ ನಿಂತು, ‘ಎರಡು ಪೆಟ್ಟು ಕೊಟ್ಟಾದರೂ ಕಲಿಸಿ ಟೀಚರ್’ ಎಂದು ಹೇಳಿ ಹೊರಟುಹೋಗುತ್ತಾಳೆ. ಒಬ್ಬರಿಗೆ ಶಿಕ್ಷಕ ಸಂಬಳದಾಳು, ಇನ್ನೊಬ್ಬರಿಗೆ ಪ್ರಶ್ನಾತೀತ ಒಡೆಯ. ಎರಡರಲ್ಲೂ ಸಹಭಾಗಿತ್ವವಿಲ್ಲ. ತಾಯಿಗೆ ಮಗುವಿನ ಬಗ್ಗೆ ಶಿಕ್ಷಕಿಗೆ ತಿಳಿಯದ್ದು ತಿಳಿದಿದೆ. ಶಿಕ್ಷಕಿಗೆ ತಾಯಿಗೆ ತಿಳಿಯದ್ದು ತಿಳಿದಿದೆ. ಇವೆರಡೂ ಒಂದುಗೂಡಿದಾಗ ಮಾತ್ರ ಇಡೀ ಮಗು ಕಣ್ಣಿಗೆ ಬೀಳುತ್ತದೆ.

ಶಿಕ್ಷಕರನ್ನು ನಂಬಿದರೆ ಏನಾಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿಯನ್ನು ಕಂಡು ಬಂದರು. ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕೆಯ ಕಾರ್ಡುಗಳನ್ನೂ ಏಣಿಯನ್ನೂ ತಾವೇ ರೂಪಿಸಿದರು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವ ಆ ವಿಧಾನವೇ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಎಚ್.ಡಿ. ಕೋಟೆಯಲ್ಲಿ ಅದು ಶಿಕ್ಷಕರ ಸ್ವಂತ ಸೃಷ್ಟಿಯಾಗಿತ್ತು. ಉಳಿದೆಡೆಗಳಿಗೆ ಅದು ಮೇಲಿನಿಂದ ತಲುಪಿತು. ಕಾರ್ಡುಗಳನ್ನು ಮುದ್ರಿಸಿ ಹಂಚಬಹುದು; ಅವನ್ನು ಹುಟ್ಟಿಸಿದ ವಿವೇಚನೆಯನ್ನು ಆಯಾ ಶಾಲೆಯ ಶಿಕ್ಷಕರೇ ಬೆಳೆಸಿಕೊಳ್ಳಬೇಕಾಗುತ್ತದೆ.

ದೂರದ ಇಟಲಿಯ ಇನ್ನೊಂದು ನಿದರ್ಶನ ಧರ್ಮಗುರುಗಳಾದ ನಮ್ಮನ್ನು ವಿಶೇಷವಾಗಿ ತಟ್ಟುತ್ತದೆ. 1954ರಲ್ಲಿ ಫ್ಲಾರೆನ್ಸ್ ಬಳಿಯ ಬೆಟ್ಟದ ಕುಗ್ರಾಮ ಬಾರ್ಬಿಯಾನಾಕ್ಕೆ ಕಳುಹಿಸಲ್ಪಟ್ಟ ಧರ್ಮಗುರು ಲೊರೆನ್ಸೊ ಮಿಲಾನಿ, ಸರಕಾರಿ ಶಾಲೆ ಅನುತ್ತೀರ್ಣಗೊಳಿಸಿ ಹೊರಹಾಕಿದ ರೈತರ ಮಕ್ಕಳಿಗೆ ಚರ್ಚಿನ ಮನೆಯಲ್ಲೇ ಪಾಠ ಆರಂಭಿಸಿದರು. ದೊಡ್ಡವರು ಚಿಕ್ಕವರಿಗೆ ಕಲಿಸಿದರು. ಆ ಮಕ್ಕಳು ಒಟ್ಟಾಗಿ ಕುಳಿತು ಬರೆದ ‘ಶಿಕ್ಷಕಿಗೊಂದು ಪತ್ರ’ ಎಂಬ ಪುಸ್ತಕ 1967ರಲ್ಲಿ ಪ್ರಕಟವಾಯಿತು. ಬಡವರ ಮಕ್ಕಳೇ ಏಕೆ ಹೆಚ್ಚಾಗಿ ಶಾಲೆಯಿಂದ ಹೊರಬೀಳುತ್ತಾರೆಂದು ಅದು ಅಂಕಿಅಂಶಗಳೊಂದಿಗೆ ಪ್ರಶ್ನಿಸಿತು. ಅದೇ ವರ್ಷ ಜೂನ್‌ನಲ್ಲಿ ಮಿಲಾನಿ ತೀರಿಕೊಂಡರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಬದುಕಿದ್ದಾಗ ಮೇಲಿನವರಿಂದ ಅವರಿಗೆ ಮನ್ನಣೆ ಸಿಗಲಿಲ್ಲ. 2017ರ ಜೂನ್ 20ರಂದು ಪೋಪ್ ಫ್ರಾನ್ಸಿಸ್ ಅವರ ಸಮಾಧಿಯ ಬಳಿ ಹೋಗಿ ಪ್ರಾರ್ಥಿಸಿದರು. ಅವರು ಹೊರಹಾಕಲ್ಪಟ್ಟ ಮಕ್ಕಳನ್ನು ಕೂಡಿಸಿ ಶಾಲೆ ಕಟ್ಟಿದರು. ನಾವು ಶಾಲೆಯಲ್ಲಿದ್ದ ಮಗುವನ್ನು ಹೊರಗೆ ಕಳುಹಿಸಿದೆವು.

ಮಾಡಬಹುದಾದದ್ದು

ಪಶ್ಚಾತ್ತಾಪಕ್ಕೆ ಪ್ರಾಯಶ್ಚಿತ್ತವೂ ಜೊತೆಗೂಡಬೇಕೆಂಬುದು ನಮ್ಮ ಧರ್ಮಸಭೆಯ ಬೋಧನೆ. ಆದುದರಿಂದ ಸಂಚಾಲಕರಾಗಿರುವ ಸಹೋದರ ಗುರುಗಳ ಮುಂದೆ, ಭಗಿನಿಯರ ಮುಂದೆ, ಪಾಲನಾ ಮಂಡಳಿಗಳ ಸದಸ್ಯರ ಮುಂದೆ ಕೆಲವು ವಿನಂತಿಗಳನ್ನಿಡುತ್ತೇವೆ.

ಯಾವುದೇ ಮಗುವನ್ನು ತಡೆಹಿಡಿಯುವ ಅಥವಾ ಕಳುಹಿಸುವ ಮೊದಲು ತರಗತಿಯ ಶಿಕ್ಷಕರಿಂದ ಕಾರಣಸಹಿತವಾದ ಲಿಖಿತ ಅಭಿಪ್ರಾಯ ಪಡೆಯಿರಿ. ಅವರು ಬೇಡವೆಂದರೆ, ಅವರು ಏನು ಬಲ್ಲರೆಂದು ತಿಳಿದುಕೊಳ್ಳಿ. ಬಲವಂತದ ಸಹಿ ಪಡೆಯಬೇಡಿ. ಆ ಮಗುವಿನ ತಂದೆತಾಯಿಗಳನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಅವರ ಭಾಷೆಯಲ್ಲಿ ಮಾತನಾಡಿ. ಪೋಷಕರ ಸಭೆಯ ವೇಳೆಯನ್ನು ಕಚೇರಿಯ ಅನುಕೂಲಕ್ಕಲ್ಲ, ಧಕ್ಕೆಯಲ್ಲಿ, ತೋಟದಲ್ಲಿ, ಬೀಡಿ ಬ್ರಾಂಚಿನಲ್ಲಿ ದುಡಿಯುವವರ ಅನುಕೂಲಕ್ಕೆ ನಿಗದಿಪಡಿಸಿ. ಶಿಕ್ಷಕರ ಮನೆಭೇಟಿಗೆ ಸಮಯ ಕೊಡಿ; ದಾಖಲೆ ತುಂಬುವ ಹೊರೆಯನ್ನು ಸಾಧ್ಯವಾದಷ್ಟು ತಗ್ಗಿಸಿ. ವಾರದ ಹೆಚ್ಚಿನ ಸಂಜೆಗಳಲ್ಲಿ ಚರ್ಚಿನ ಸಭಾಂಗಣ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಎರಡು ದೀಪ ಹಚ್ಚಿದರೆ ಎಲ್ಲ ಧರ್ಮಗಳ ಮಕ್ಕಳಿಗೂ ಓದುವ ಜಾಗವಾಗುತ್ತದೆ. ಕಲಿಸಲು ನಮ್ಮ ವಾಳೆಗಳಲ್ಲೇ ನಿವೃತ್ತ ಶಿಕ್ಷಕರಿದ್ದಾರೆ, ಕಾಲೇಜು ಓದುವ ಯುವಜನರಿದ್ದಾರೆ.

ಪೋಷಕರಲ್ಲಿಯೂ ಒಂದು ಮಾತು. ಶಿಕ್ಷಕರ ನಿರ್ಧಾರ ತಪ್ಪೆನಿಸಿದರೆ ಗುಂಪಿನಲ್ಲಿ ಬರೆಯುವ ಮೊದಲು ಅವರ ಮುಂದೆ ಕುಳಿತು ಕೇಳಿ. ಮನೆಯಲ್ಲಿ ಕಷ್ಟವಿದ್ದರೆ ಸಂಕೋಚಪಡದೆ ತಿಳಿಸಿ. ‘ನೂರು ಬರುವ ಶಾಲೆ ಯಾವುದು’ ಎಂದು ಮಾತ್ರ ವಿಚಾರಿಸಿ ಮಕ್ಕಳನ್ನು ಸೇರಿಸುವ ನಮ್ಮೆಲ್ಲರ ಅಭ್ಯಾಸವೇ ಶಾಲೆಗಳನ್ನು ಈ ಲೆಕ್ಕಕ್ಕೆ ದೂಡುತ್ತಿದೆ ಎಂಬುದೂ ಸತ್ಯ.

ಧಕ್ಕೆಯಲ್ಲಿ ಒಂದು ಬೆಳಿಗ್ಗೆ

ಆ ಫಲಕ ಕಟ್ಟಿದ ಎರಡು ವರ್ಷಗಳ ಬಳಿಕ, ರೋಗಿಯೊಬ್ಬರಿಗೆ ಪರಮಪ್ರಸಾದ ಕೊಟ್ಟು ಹಿಂತಿರುಗುವಾಗ ನಾವು ಧಕ್ಕೆಯ ಮೂಲಕ ಬಂದೆವು. ಬೋಟುಗಳು ಆಗಷ್ಟೇ ದಡಕ್ಕೆ ಬಂದಿದ್ದವು. ಬಂಗುಡೆಯ ಏಲಂ ನಡೆಯುತ್ತಿತ್ತು. ಒಬ್ಬ ಯುವಕ ಬುಟ್ಟಿಗಳನ್ನು ಎಣಿಸುತ್ತ, ದರ ಕಟ್ಟಿ, ಬೋಟಿನವರ ಪಾಲು, ಐಸಿನ ಖರ್ಚು, ಕೂಲಿ ಎಲ್ಲವನ್ನೂ ಬಾಯಿಲೆಕ್ಕದಲ್ಲಿ ಕಳೆದು ಕ್ಷಣಾರ್ಧದಲ್ಲಿ ಮೊತ್ತ ಹೇಳುತ್ತಿದ್ದ. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದಿದ್ದ ದಲ್ಲಾಳಿ ತಲೆಯಾಡಿಸಿ ಒಪ್ಪುತ್ತಿದ್ದ. ಮುಖ ತಿರುಗಿಸಿದಾಗ ಗುರುತು ಸಿಕ್ಕಿತು.

ಅವನು ನಮ್ಮನ್ನು ಕಂಡು ತಲೆಯ ಮೇಲಿನ ಬಟ್ಟೆ ತೆಗೆದು ವಂದಿಸಿದ. ಮುಖದಲ್ಲಿ ಯಾವ ಅಸಮಾಧಾನವೂ ಇರಲಿಲ್ಲ. “ಟೀಚರ್ ಹೇಗಿದ್ದಾರೆ ಫಾದರ್?” ಎಂದು ಮಾತ್ರ ಕೇಳಿದ. ಚೆನ್ನಾಗಿದ್ದಾರೆಂದು ಹೇಳಿದೆವು. ಬೇರೆ ಮಾತು ತೋಚಲಿಲ್ಲ. ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದಲ್ಲವೆ ಎಂದು ಕೇಳಿದಾಗ ಅವನು ನಕ್ಕು, “ಈಗ ತಂಗಿ ಹೋಗುತ್ತಾಳೆ ಫಾದರ್, ಅವಳನ್ನು ನೋಡಿಕೊಳ್ಳಿ” ಎಂದ.

ಆ ದಿನ ಮಧ್ಯಾಹ್ನ ನಾವು ಶಾಲೆಗೆ ಹೋಗಿ ಆ ಶಿಕ್ಷಕಿಯ ಬಳಿ ಕ್ಷಮೆ ಕೇಳಿದೆವು. ಅವರು ಹೆಚ್ಚೇನೂ ಹೇಳಲಿಲ್ಲ. ಗಣಿತದ ಪಿರಿಯಡ್ಡನ್ನು ಮೂರನೆಯದಕ್ಕೆ ಬದಲಾಯಿಸಿ ಕೊಡುವಿರಾ ಎಂದು ಮತ್ತೊಮ್ಮೆ ಕೇಳಿದರು. ಧಕ್ಕೆಗೆ ಹೋಗುವ ಮಕ್ಕಳು ಇನ್ನೂ ನಾಲ್ವರಿದ್ದರು. ಬದಲಾಯಿಸಿ ಕೊಟ್ಟೆವು. ಅದಕ್ಕೆ ಇಲಾಖೆಯ ಅನುಮತಿಯೂ ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. ಒಂದು ಹಾಳೆಯ ವೇಳಾಪಟ್ಟಿಯನ್ನು ತಿದ್ದಿದರೆ ಸಾಕಾಗಿತ್ತು. ಎರಡು ವರ್ಷ ಮೊದಲೇ ಸಾಕಾಗಿತ್ತು.

ಪ್ರಿಯ ಓದುಗರೇ, ಮುಂದಿನ ಮೇ ತಿಂಗಳಲ್ಲಿ ನಿಮ್ಮ ಊರಿನ ಶಾಲೆಯ ಫಲಕದ ಮುಂದೆ ನಿಂತಾಗ, ಅಲ್ಲಿರುವ ಮುಖಗಳನ್ನು ಮನಸಾರೆ ಹರಸಿ. ಬಳಿಕ ಒಳಗೆ ಹೋಗಿ ವಿನಯದಿಂದ ಒಂದು ಪ್ರಶ್ನೆ ಕೇಳಿ: ಎಂಟನೆಯ ತರಗತಿಗೆ ಸೇರಿದ್ದ ಮಕ್ಕಳೆಲ್ಲರೂ ಎಲ್ಲಿದ್ದಾರೆ? ಆ ಪ್ರಶ್ನೆಗೆ ಹೆಸರು ಹೆಸರಾಗಿ ಉತ್ತರ ಕೊಡಬಲ್ಲ ಶಾಲೆ ನಿಮ್ಮ ಊರಿನಲ್ಲಿದ್ದರೆ, ಅದರ ಫಲಿತಾಂಶ ಎಷ್ಟೇ ಇರಲಿ, ನಿಮ್ಮ ಮಗುವನ್ನು ಅಲ್ಲಿಗೇ ಕಳುಹಿಸಿ.